ಏಳನೆಯ ಸಾಲು

ಆ ಕಲ್ಲನ್ನು ನಾನು ಮೊದಲು ನೋಡಿದ್ದು ಜನವರಿಯ ಎರಡನೆಯ ಭಾನುವಾರ, ಬೆಳಿಗ್ಗೆ ಹತ್ತೂಕಾಲಿಗೆ. ನನ್ನ ಪುಸ್ತಕದಲ್ಲಿ ಅದು ಮೂವತ್ತೆಂಟನೆಯ ಜಾಗ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸುತ್ತ ನೋಡತಕ್ಕ ಹಳೆಯ, ವಿಚಿತ್ರ ಜಾಗಗಳ ಪಟ್ಟಿ ಮಾಡುತ್ತಿದ್ದೆ. ನಂದಿಬೆಟ್ಟ ಹತ್ತಿಳಿದು ವಾಪಸಾಗುವವರಿಗೆ ಬೇರೆ ಏನಾದರೂ ತೋರಿಸಬೇಕೆಂಬ ಹಟ ನನ್ನದು. ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜು ಐದನೆಯದು. ಪೆರೇಸಂದ್ರದ ಆಚೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ದೇವರೇ ಆಗಿಬಿಟ್ಟಿರುವ ಹಳೆಯ ಮೈಲಿಗಲ್ಲು ಹನ್ನೆರಡನೆಯದು. ಒಂದು ಭಾನುವಾರಕ್ಕೆ ಒಂದೇ ಜಾಗ, ಎರಡೇ ಗಂಟೆ. ಉಳಿದದ್ದು ಮುಂದಿನ ವಾರಕ್ಕೆ. ಆ ನಿಯಮ ಮಾಡಿಕೊಂಡವಳು ನಾನೇ.

ಮೂವತ್ತೆಂಟನೆಯದು ನಗರಗೆರೆ ಕಡೆಯ ಒಂದು ಹಳ್ಳಿಯಲ್ಲಿ, ಹುಣಸೆಮರದ ಕೆಳಗಿದ್ದ ವೀರಗಲ್ಲು. ಹಳ್ಳಿಯ ಹೆಸರು ಇನ್ನು ಎಲ್ಲಿಯೂ ಬರೆಯುವುದಿಲ್ಲ. ಅದರಲ್ಲಿ ಕತ್ತಿ ಎತ್ತಿದ ಒಬ್ಬ ಗಂಡಸು ಮೊಣಕಾಲಿನವರೆಗೆ ಮಣ್ಣಿನಲ್ಲಿ ಹೂತು ನಿಂತಿದ್ದ. ಅವನ ಪಕ್ಕದಲ್ಲಿ ಹಳೆಯ ಕನ್ನಡದ ಗಿಡ್ಡ ಸಾಲುಗಳು ಒಂದರ ಕೆಳಗೊಂದು ಇಳಿದು ಮಣ್ಣು ಸೇರಿದ್ದವು. ಅಕ್ಷರ ಎದ್ದು ಕಾಣಲೆಂದು ಮೈದಾಹಿಟ್ಟು ಸವರುತ್ತಿದ್ದಾಗ ಎಣ್ಣೆಬಟ್ಟಲು ಹಿಡಿದು ಒಬ್ಬ ಅಜ್ಜಿ ಬಂದರು.

“ಏನಮ್ಮಾ, ನಮ್ಮಯ್ಯನ ಮೇಲೆ ಚಪಾತಿ ಲಟ್ಟಿಸ್ತಿದೀಯಾ?”

ಅದು ಅವರ ಮನೆತನದ ಕಲ್ಲು. ಭಾನುವಾರ ಭಾನುವಾರ ಅದಕ್ಕೆ ಎಣ್ಣೆ ಹಚ್ಚುವುದು ಅತ್ತೆಯಿಂದ ಅವರಿಗೆ ಬಂದ ಕೆಲಸ. ಕಲ್ಲಿನಲ್ಲಿರುವವರು ಯಾರು ಎಂದು ಕೇಳಿದೆ.

“ಅಯ್ಯ ಅಂತೀವಿ, ಅಷ್ಟೇ. ಹೆಸ್ರು ನಮ್ಮತ್ತೆಗೂ ಗೊತ್ತಿರ್ಲಿಲ್ಲ. ಮದುವೆಯಾಗಿ ಬಂದಾಗಿಂದ ಹಚ್ತಿದೀನಿ, ಒಂದ್ ದಿನ ಹೆಸ್ರಿಟ್ಟು ಕೂಗಿಲ್ಲ. ನಾನು ಕಣ್ಮುಚ್ಚೋದ್ರೊಳಗೆ ತಿಳ್ಕೋಬೇಕು ಅಂತ ಆಸೆ. ಅದ್ರಾಗೆ ಬರ್ದೈತೇನೋ ನೋಡಮ್ಮಾ.”

ಓದಿ ಹೇಳುತ್ತೇನೆ ಎಂದೆ. ಕಾಣುವ ಆರು ಸಾಲುಗಳನ್ನು ಪುಸ್ತಕಕ್ಕೆ ಇಳಿಸಿದೆ. ಆರನೆಯ ಸಾಲಿನಲ್ಲಿ ಒಬ್ಬ ತಂದೆಯ ಹೆಸರು, ಕೊನೆಗೆ ‘ಮಗ’ ಎಂಬ ಎರಡಕ್ಷರ. ಮಗನ ಹೆಸರು ಏಳನೆಯ ಸಾಲಿನಲ್ಲಿ, ಮಣ್ಣಿನೊಳಗೆ. ಚೀಲದಲ್ಲಿದ್ದ ಮುರಿದ ಕುಡುಗೋಲಿನಿಂದ ಗಟ್ಟಿಮಣ್ಣನ್ನು ಎರಡು ಬೆರಳು ಕೆದಕಿದೆ, ಅಕ್ಷರ ಕಾಣಲಿಲ್ಲ. ಅಷ್ಟರಲ್ಲಿ ಹನ್ನೆರಡೂಕಾಲಾಗಿ ನನ್ನ ಎರಡು ಗಂಟೆ ಮುಗಿಯಿತು. ಎದ್ದು, ಕಲ್ಲಿನ ಎತ್ತರ ಅಗಲ ಮತ್ತೊಮ್ಮೆ ಟೇಪಿನಲ್ಲಿ ಅಳೆದೆ. ಆಗಲೇ ನಾಲ್ಕೈದು ಜನ ಸೇರಿದ್ದರು.

“ಏನ್ ಮೇಡಂ, ಹಿಟ್ಟು ಹಚ್ತೀರಾ, ಅಗೀತೀರಾ, ಅಳೀತೀರಾ. ಕೆಳಗೆ ನಿಧಿ ಗಿಧಿ ಐತಾ?” ಎಂದ ಅವರಲ್ಲೊಬ್ಬ.

“ಸಿಕ್ಕಿದ್ರೆ ನಿಮಗರ್ಧ, ನಂಗರ್ಧ,” ಎಂದೆ.

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ.

“ಅಂಗೆಲ್ಲ ತಮಾಷೆಗೂ ಅನ್ಬಾರ್ದು ಕಣಮ್ಮಾ.”

ಅವರು ಹೇಳಿದ್ದು ನನಗೆ ತಿಳಿಯದ್ದೇನಲ್ಲ. ಹಳೆಯ ಕಲ್ಲಿನಡಿ ಹಣ ಇದೆಯೆಂದು ನಮ್ಮ ಕಡೆ ಎಷ್ಟು ಕಡೆ ಅಗೆದಿದ್ದಾರೆ! ನನ್ನ ಪಟ್ಟಿಯಲ್ಲೇ ನಾಲ್ಕು ಜಾಗಗಳ ಎದುರು ‘ನಿಧಿಗೆ ಅಗೆದ ಗುಂಡಿ’ ಎಂದು ನಾನೇ ಬರೆದಿದ್ದೆ. ಆದರೂ ಅಂದೆ. ಮನೆಗೆ ಹೋಗಿ ಊಟ ಮಾಡಿ, ಆರು ಸಾಲುಗಳನ್ನು ಶುದ್ಧಪ್ರತಿ ಮಾಡಿ ಮಲಗಿದೆ.

ಮುಂದಿನ ಭಾನುವಾರ ಹತ್ತೂಕಾಲಿಗೆ ಸಣ್ಣ ಗುದ್ದಲಿಯೊಂದಿಗೆ ಹೋದರೆ, ಮರದ ಕೆಳಗೆ ಎದೆಮಟ್ಟದ ಗುಂಡಿ. ಅಂಚಿನಲ್ಲಿ ಕೊಯ್ದ ನಿಂಬೆಹಣ್ಣು, ಕುಂಕುಮ. ಕಲ್ಲನ್ನು ಒಡೆದು ಅತ್ತಿತ್ತ ಎಸೆದಿದ್ದರು. ಗುಂಡಿಯಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ. ಯಾರ ಕೆಲಸವೆಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೋದ ವಾರ ನಕ್ಕವರಲ್ಲಿ ಇಬ್ಬರು ನನ್ನನ್ನು ಕಂಡು ಅಂಗಡಿಯೊಳಕ್ಕೆ ಸರಿದರು.

ಚೂರುಗಳನ್ನು ಆರಿಸಿ ತೊಳೆದು ಜೋಡಿಸಿದೆ. ಇಪ್ಪತ್ಮೂರು. ಕತ್ತಿ ಸಿಕ್ಕಿತು, ಅರ್ಧ ಮುಖ ಸಿಕ್ಕಿತು. ‘ಮಗ’ ಸಿಕ್ಕಿತು. ಅದರ ಕೆಳಗೆ ಹಾರೆಯ ಏಟು ಬಿದ್ದು ಕಲ್ಲಿನ ಮೈ ಪುಡಿಯಾಗಿತ್ತು. ಒಂದಕ್ಷರದ ತಲೆಕಟ್ಟು ಮಾತ್ರ ಉಳಿದಿತ್ತು. ತಲೆಕಟ್ಟು ಎಷ್ಟೋ ಅಕ್ಷರಗಳಿಗಿದೆ.

ಅಜ್ಜಿ ಎಣ್ಣೆಬಟ್ಟಲು ತಂದು ಗುಂಡಿಯ ಅಂಚಿಗೆ ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಸಿಕ್ತೇನಮ್ಮಾ ಹೆಸ್ರು?”

“ಇಲ್ಲ ಅಜ್ಜಿ. ಅವರಪ್ಪನ ಹೆಸರಿದೆ.”

“ಅವ್ರಪ್ಪನ್ನ ತಗಂಡು ನಾನೇನ್ ಮಾಡ್ಲಿ?” ಎಂದರು. ಚೂರುಗಳನ್ನು ಒಂದೊಂದಾಗಿ ಮುಟ್ಟಿ, “ಈಗ ಎಣ್ಣೆ ಯಾವುದಕ್ಕೆ ಹಚ್ಲಮ್ಮಾ?” ಎಂದು ಕೇಳಿದರು.

ಅವರು ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎದ್ದುಹೋದರು.

ಪಟ್ಟಿ ಅಲ್ಲಿಗೇ ನಿಂತಿದೆ. ಭಾನುವಾರಗಳು ಖಾಲಿ. ಚೂರುಗಳನ್ನು ಜೋಡಿಸಿದ ದಿನವೇ ಅಳೆದಿದ್ದೆ: ಏಳನೆಯ ಸಾಲು ಇದ್ದದ್ದು ನಾನು ಕೆದಕಿ ನಿಲ್ಲಿಸಿದ ಜಾಗಕ್ಕಿಂತ ನಾಲ್ಕು ಬೆರಳು ಕೆಳಗೆ. ಮೊನ್ನೆ ನಮ್ಮ ಹಿತ್ತಲಲ್ಲಿ ಅದೇ ಕುಡುಗೋಲು ಹಿಡಿದು, ಗಡಿಯಾರ ಎದುರಿಗಿಟ್ಟುಕೊಂಡು, ನಾಲ್ಕು ಬೆರಳು ಕೆದಕಿದೆ. ಹನ್ನೊಂದು ನಿಮಿಷ ಹಿಡಿಯಿತು.