ಫ್ಲಾಪಿಗೆ ಇಟ್ಟ ಕುಂಕುಮ

ಇಂಗ್ಲಿಷ್ ಬಾರದವರೊಬ್ಬರು ದಿನಾ ಮಧ್ಯಾಹ್ನ ಇಂಗ್ಲಿಷ್ ಮೇಲ್ ಓದಿಸಿಕೊಂಡು ಕೇಳುತ್ತಿದ್ದರು ಎಂದರೆ ಈಗಿನವರು ನಗುತ್ತಾರೆ. ನಗಲಿ. ಓದಿ ಹೇಳುತ್ತಿದ್ದವಳು ನಾನೇ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ದೊಡ್ಡಬಳ್ಳಾಪುರದ ಹೊರಗೆ ಒಂದು ಗುಲಾಬಿ ತೋಟದ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕುಂದಾಣದ ಕಡೆಯ ನಮ್ಮೂರಿನಿಂದ ಬಸ್ಸು ಬದಲಿಸಿಕೊಂಡು ಹೋಗಬೇಕಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಮನೆಗಳನ್ನು ಎಬ್ಬಿಸಿ, ಒಳಗೆ ಗುಲಾಬಿ ಬೆಳೆದು, ಹಾಲೆಂಡಿಗೆ ಕಳಿಸುತ್ತಿದ್ದರು. ಹೊಲ ಯಜಮಾನರದು, ಬುದ್ಧಿ ಅವರ ಮಗಳದು. ಆಕೆ ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಬಹುವಚನ ಹಚ್ಚಿ ಮಾತಾಡಿಸಿದರೆ ಬೈಸಿಕೊಳ್ಳಬೇಕಾಗುತ್ತಿತ್ತು.

ಆಫೀಸಿನ ಮೂಲೆಯಲ್ಲಿ ಒಂದು ಕಂಪ್ಯೂಟರ್ ಇಟ್ಟು ಅದನ್ನು ಮೇಲ್ ಸರ್ವರ್ ಮಾಡಿದ್ದವಳು ಅಕ್ಕನೇ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದು ಫೋನ್ ಲೈನಿನಲ್ಲಿ ಕೀಚಲು ದನಿ ತೆಗೆದು ಹಾಲೆಂಡಿನ ಮೇಲ್‌ಗಳನ್ನು ಎಳೆದುಕೊಳ್ಳುತ್ತಿತ್ತು. ಪ್ಯಾಕಿಂಗ್ ಶೆಡ್ಡಿಗೂ ಲೆಕ್ಕದವರಿಗೂ ಹಂಚುತ್ತಿತ್ತು. ಒಮ್ಮೆ ಎಳೆದುಕೊಂಡರೆ ಇಂಟರ್ನೆಟ್ ಕೊಡುವ ಕಂಪನಿಯವರ ಬಳಿ ನಕಲು ಉಳಿಯುತ್ತಿರಲಿಲ್ಲ. ಬಂದದ್ದು, ನಾವು ಕಳಿಸಿದ್ದು, ಎಲ್ಲ ನಮ್ಮ ಪೆಟ್ಟಿಗೆಯಲ್ಲೇ. ಅದಕ್ಕೇ ಪ್ರತಿ ಶನಿವಾರ ಫ್ಲಾಪಿಗಳಿಗೆ ನಕಲು ತೆಗೆದಿಡಬೇಕು ಎಂದು ಅಕ್ಕ ಕಟ್ಟುನಿಟ್ಟು ಮಾಡಿದ್ದಳು.

ಆ ಬೇಸಿಗೆಯಲ್ಲಿ ಅಕ್ಕ ಕಾಮಾಲೆಯಾಗಿ ತೀರಿಕೊಂಡಳು. ನಾಟಿ ಔಷಧಿ, ಆಸ್ಪತ್ರೆ, ಹರಕೆ, ಯಾವುದೂ ಅವಳನ್ನು ಉಳಿಸಲಿಲ್ಲ. ಅವಳ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಹಾಲೆಂಡಿನವರಿಗೆ ವಿಷಯ ತಿಳಿಸಲೇ ಎಂದು ಮೊದಲ ದಿನವೇ ಯಜಮಾನರನ್ನು ಕೇಳಿದೆ.

"ಬ್ಯಾಡ ಕಣಮ್ಮ. ಅವಳ ಹೆಸರಲ್ಲೇ ಬರಿ. ಅವಳಿಲ್ಲ ಅಂತ ಇನ್ನೂ ಒಂದ್ ಕಡೆ ಹೇಳಕ್ಕೆ ನನ್ ಕೈಲಾಗಲ್ಲ," ಎಂದರು.

ಅಂದಿನಿಂದ ನಾನು ಬರೆದ ಪ್ರತಿ ಮೇಲ್‌ನ ಕೆಳಗೂ ಅಕ್ಕನ ಹೆಸರು. ಮಧ್ಯಾಹ್ನ ಊಟವಾದ ಮೇಲೆ ಯಜಮಾನರು ಬಂದು, ಪಕ್ಕದ ಸ್ಟೂಲಿನ ಮೇಲೆ ಕೂತು, "ಅವಳದೊಂದು ಓದು" ಎನ್ನುತ್ತಿದ್ದರು. ನಾನು ಅಕ್ಕ ಬರೆದ ಹಳೆಯದೊಂದನ್ನು ತೆಗೆದು ಕನ್ನಡದಲ್ಲಿ ಹೇಳುತ್ತಿದ್ದೆ. ಅದರಲ್ಲೇನು ಮಹಾ ಇತ್ತು? ಹೂವಿನ ಕಾಂಡದ ಉದ್ದ, ಡಬ್ಬದ ಅಳತೆ, ವಿಮಾನ ತಡವಾದದ್ದು. ಆದರೆ ಅಕ್ಕ ವ್ಯಾಪಾರದ ಮಾತಿನಲ್ಲೂ ಜಗಳ ತೆಗೆದು ನಗಿಸುವವಳು. ಯಜಮಾನರು ನಗುತ್ತಿದ್ದರು. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋಗುತ್ತಿದ್ದರು.

ಆಯುಧಪೂಜೆ ಬಂತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬ ಇಲ್ಲ. ಆದರೆ ಹೂ ಕತ್ತರಿಸುವ ಕತ್ತರಿ, ಔಷಧಿ ಹೊಡೆಯುವ ಪಂಪು, ಜನರೇಟರು, ಇವುಗಳಿಗೆ ಪೂಜೆ ತಪ್ಪಿಸುವ ಧೈರ್ಯ ಯಾರಿಗಿದೆ? "ನೀವ್ ನೀವೇ ಮಾಡ್ಕೊಳ್ರಪ್ಪ" ಎಂದು ಯಜಮಾನರು ಕೆಲಸದವರಿಗೆ ಬಿಟ್ಟರು. ನಾನು ಅವತ್ತು ನಮ್ಮೂರಲ್ಲಿದ್ದೆ. ಮಗಳು ಹೋದಾಗಿನಿಂದ ಆಫೀಸಿನ ಕಡೆ ತಲೆ ಹಾಕದಿದ್ದ ಯಜಮಾನರ ಹೆಂಡತಿ, ನಮ್ಮ ಅಮ್ಮಾವರು, ಇದ್ದಕ್ಕಿದ್ದಂತೆ ತಾವೇ ಪೂಜೆಯ ತಟ್ಟೆ ಹಿಡಿದು ಬಂದರಂತೆ. ಪೂಜೆಗೆ ಕೂತ ಆಯುಧ ಮಾರನೆಯ ದಿನದವರೆಗೆ ದುಡಿಯಬಾರದೆಂದು ಯಾರೋ ಆಫೀಸಿನ ಮೇನ್ ಸ್ವಿಚ್ಚನ್ನೇ ಕೆಳಗೆಳೆದರಂತೆ. ಸರ್ವರ್ ಆಗ ಓಡುತ್ತಲೇ ಇತ್ತು.

ವಿಜಯದಶಮಿಯ ದಿನ ನಾನು ಬಂದು ಸ್ವಿಚ್ಚು ಹಾಕಿದೆ. ಸರ್ವರಿನೊಳಗಿಂದ ಕಟಕಟ ಸದ್ದು. ಕಪ್ಪು ಪರದೆಯ ಮೇಲೆ, ಡಿಸ್ಕೇ ಇಲ್ಲ ಎನ್ನುವ ಬಿಳಿ ಅಕ್ಷರದ ಒಂದು ಸಾಲು. ಮುಚ್ಚಳ ಬಿಚ್ಚಿ, ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಡಿಸ್ಕನ್ನು ಲೆಕ್ಕದವರ ಕಂಪ್ಯೂಟರಿಗೆ ಹಾಕಿ ನೋಡಿದೆ. ಅಲ್ಲೂ ಅದೇ ಕಟಕಟ.

ಬೆಂಗಳೂರಿನಿಂದ ಟೆಕ್ನಿಷಿಯನ್ ಬಂದ. ಡಿಸ್ಕಿಗೆ ಕಿವಿ ಇಟ್ಟು ಕೇಳಿ, ಕೊನೆಯದೊಂದು ಉಪಾಯ ಇದೆ ಎಂದ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿ ಚೆನ್ನಾಗಿ ತಣ್ಣಗಾಗಿಸಿದರೆ, ಅದೃಷ್ಟವಿದ್ದರೆ, ಸ್ವಲ್ಪ ಹೊತ್ತು ತಿರುಗಬಹುದಂತೆ. ತಣ್ಣಗಿನ ಜಾಗಕ್ಕೆ ನಮ್ಮಲ್ಲೇನು ಬರ? ಹೂವಿನ ಕೋಲ್ಡ್ ರೂಮಿನಲ್ಲಿ, ಕೆಂಪು ಗುಲಾಬಿಯ ಬಕೆಟ್ಟುಗಳ ನಡುವೆ ಇಟ್ಟು ಬಂದೆವು. ಟೆಕ್ನಿಷಿಯನ್ ಆ ರಾತ್ರಿ ದೊಡ್ಡಬಳ್ಳಾಪುರದಲ್ಲೇ ಉಳಿದ.

ಮರುದಿನ ಅದು ನಿಜಕ್ಕೂ ಎದ್ದಿತು. ಪರದೆಯ ಮೇಲೆ ಫೋಲ್ಡರುಗಳ ಹೆಸರು ಮೂಡಿದ್ದೇ ತಡ, ನಾನು ಕಿರುಚಿಬಿಟ್ಟೆ.

"ಜಾಸ್ತಿ ಹೊತ್ತು ಇರಲ್ಲ ಇದು. ಯಾವುದು ಮೊದ್ಲು ತೆಗೀಲಿ? ಬೇಗ ಹೇಳಿ," ಎಂದ ಟೆಕ್ನಿಷಿಯನ್.

ನಾನು ಯಜಮಾನರ ಮುಖ ನೋಡಿದೆ.

"ಈ ವಾರದ ಆರ್ಡರ್ ತೆಗೀರಿ. ಹೂವು ಕಾಯಲ್ಲ. ಮಗಳದು ಹೆಂಗೂ ಫ್ಲಾಪೀಲಿ ಐತಲ್ಲ," ಎಂದರು.

ಆರ್ಡರುಗಳು ಸಿಕ್ಕವು. ಅಕ್ಕನ ಫೋಲ್ಡರಿಗೆ ಕೈ ಹಾಕುವ ಹೊತ್ತಿಗೆ ಮತ್ತೆ ಕಟಕಟ ಶುರುವಾಗಿ ಡಿಸ್ಕು ನಿಂತೇ ಹೋಯಿತು. ಆಗ ನಮಗೆ ಬೇಸರವೂ ಆಗಲಿಲ್ಲ. ಹೊಸ ಡಿಸ್ಕು ಹಾಕಿ, ಮೇಲ್ ಪ್ರೋಗ್ರಾಮನ್ನು ಮತ್ತೆ ಕೂರಿಸಿ, ಪಾಸ್‌ವರ್ಡ್ ಕೊಟ್ಟು, ಹೊಸ ಮೇಲ್ ಇಳಿಯುವವರೆಗೆ ಬಿಡಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡು ನಾನು ಫ್ಲಾಪಿಯ ಡಬ್ಬಿ ತೆಗೆದೆ.

ಒಂದೊಂದು ಫ್ಲಾಪಿಗೂ, ಸರಿಯಾಗಿ ಅದರ ಹೊಳೆಯುವ ತಗಡಿನ ಮೇಲೆ, ಅರಿಶಿನ ಕುಂಕುಮದ ಬೊಟ್ಟು. ಮಗಳ ಕೈ ಆಡಿದ ಸಾಮಾನೆಂದು ಅಮ್ಮಾವರು ಒಂದನ್ನೂ ಬಿಟ್ಟಿರಲಿಲ್ಲ. ನೀರಲ್ಲಿ ಕಲಸಿದ ಕುಂಕುಮ ತಗಡಿನ ಅಂಚಿನಿಂದ ಒಳಗಿಳಿದು ಒಣಗಿತ್ತು. ತಗಡು ಸರಿಸಿದರೆ ಒಳಗಿನ ಕಪ್ಪು ಹಾಳೆಯ ಮೇಲೆ ಕೆಂಪು ಕಲೆ. ಹತ್ತಿಯಿಂದ ಒರೆಸಿದೆ, ಸ್ಪಿರಿಟ್ ಹಚ್ಚಿದೆ, ಉಸಿರು ಬಿಗಿಹಿಡಿದು ಡ್ರೈವಿಗೆ ತೂರಿಸಿದೆ. ಗರಗರ ಕೆರೆದು, ಓದಲಾಗದು ಎಂದಿತು. ಎಲ್ಲದಕ್ಕೂ ಅದೇ ಉತ್ತರ.

"ಯಾರ್ರೀ ಇದು, ಫ್ಲಾಪಿಗೆ ಕುಂಕುಮ ಇಟ್ಟಿರೋ ಮಹಾನುಭಾವರು? ಇದೊಂದರಿಂದ್ಲೇ ಎಲ್ಲಾ ಹೋಯ್ತು ನೋಡಿ," ಎಂದು ಟೆಕ್ನಿಷಿಯನ್ ನಕ್ಕ.

ಕಾಫಿ ತಂದಿದ್ದ ಅಮ್ಮಾವರು ಬಾಗಿಲಲ್ಲೇ ನಿಂತಿದ್ದರು. ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು, ಈಗಲೂ ಅನಿಸುತ್ತದೆ. ಸಾಲದ್ದಕ್ಕೆ ಫ್ಲಾಪಿಗಳನ್ನು ಬೀರುವಿನಲ್ಲಿ ಬೀಗ ಹಾಕಿಡಬೇಕಿತ್ತು ಎಂದು ಬುದ್ಧಿ ಬೇರೆ ಹೇಳಿದ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

"ನನ್ ಕೈಯಾರೆ ಅಳಿಸ್ಬಿಟ್ನಲ್ಲೇ, ನನ್ ಮಗಳ ಮಾತ್ನೆಲ್ಲಾ," ಎಂದು ಅಮ್ಮಾವರು ನನ್ನ ಕೈ ಹಿಡಿದುಕೊಂಡು ಅತ್ತರು. ಅವತ್ತಿನಿಂದ ಅನ್ನ ಮುಟ್ಟಲಿಲ್ಲ. ನಾವು ಹೇಳಿದ ಸಮಾಧಾನ ಒಂದೂ ಅವರ ಕಿವಿಗೆ ಬೀಳಲಿಲ್ಲ. ಹಳೆಯ ಡಿಸ್ಕನ್ನು ಮತ್ತೊಮ್ಮೆ ಕೋಲ್ಡ್ ರೂಮಿನಲ್ಲಿಟ್ಟು ನೋಡಿದೆವು. ಏಳಲಿಲ್ಲ. ಯಜಮಾನರು ನನ್ನನ್ನು ಹೊರಗೆ ಕರೆದರು.

"ಮಗಳು ಬರ್ದಿದ್ದು ಆ ಹಾಲೆಂಡ್ನೋರ ಹತ್ರ ಇರ್ತದಲ್ವೇನಮ್ಮ? ಹೆಂಗಾದ್ರೂ ತರಿಸು. ಇಲ್ದಿದ್ರೆ ನಮ್ಮನೆಯೋಳೂ ಉಳಿಯಲ್ಲ."

ತರಿಸುವುದಕ್ಕೂ ಅಕ್ಕನ ಹೆಸರಿನಲ್ಲೇ ಬರೆಯಬೇಕಾಯಿತು. ನಮ್ಮ ಕಂಪ್ಯೂಟರ್ ಕೆಟ್ಟುಹೋಗಿದೆ, ನಾನು ನಿಮಗೆ ಬರೆದದ್ದೆಲ್ಲವನ್ನೂ ದಯವಿಟ್ಟು ವಾಪಸ್ ಕಳಿಸಿ ಎಂದು ಸತ್ತವಳ ಬಾಯಿಂದ ಬೇಡಿದೆ. ಆಮೇಲೆ ಪ್ರತಿ ಸಲ ಫೋನ್ ಲೈನು ಕೂಗಿದಾಗಲೂ ಯಜಮಾನರು ಬಂದು ನನ್ನ ಹಿಂದೆ ನಿಲ್ಲುತ್ತಿದ್ದರು.

ಉತ್ತರ ಬಂತು. ಯಜಮಾನರು ಓಡಿಹೋಗಿ ಹೆಂಡತಿಯನ್ನು ತೋಳು ಹಿಡಿದು ನಡೆಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರಿಸಿದರು. ಅಷ್ಟರಲ್ಲಿ ನಾನು ಓದಿಯಾಗಿತ್ತು. ಬೇಸಿಗೆಯವರೆಗಿನ ಹಳೆಯ ಮೇಲ್‌ಗಳನ್ನು ತಾವು ಅಳಿಸಿಬಿಟ್ಟಿರುವುದಾಗಿಯೂ, ಉಳಿದವನ್ನು ಕಳಿಸಿರುವುದಾಗಿಯೂ, ನೀವು ಕ್ಷೇಮವೆಂದು ನಂಬಿರುವುದಾಗಿಯೂ ಬರೆದಿದ್ದರು. ಕೆಳಗೆ ಮೇಲ್‌ಗಳ ಸಾಲು. ಒಂದೊಂದರ ಕೊನೆಗೂ ಅಕ್ಕನ ಹೆಸರು. ಒಂದೊಂದೂ ನಾನು ಬರೆದದ್ದು.

"ಯಜಮಾನ್ರೇ, ಇವು..." ಎಂದು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿದರು. ಬೇಸಿಗೆಯಿಂದ ಯಾರು ಬರೆಯುತ್ತಿದ್ದರು ಎನ್ನುವುದು ನಮ್ಮಿಬ್ಬರಿಗೇ ಗೊತ್ತಿದ್ದ ವಿಷಯ. ಹೆಂಡತಿಯ ಬೆನ್ನ ಹಿಂದೆ ನಿಂತು, ಓದು ಎಂದು ಕೈಸನ್ನೆ ಮಾಡಿದರು.

ಓದಿದೆ. ಮಳೆಗೆ ಡಬ್ಬಗಳು ನೆನೆದಿವೆ, ಕ್ಷಮಿಸಬೇಕು. ಮುಂದಿನ ವಾರ ಸರಿಪಡಿಸುತ್ತೇವೆ. ಸ್ಕೂಲಿನ ರಜೆ ಅರ್ಜಿಯಂಥ ಒಣ ಮಾತು. ಅಕ್ಕ ಇದ್ದಿದ್ದರೆ ಇದನ್ನು ನೋಡಿ ನನ್ನ ತಲೆಗೆ ಮೊಟಕುತ್ತಿದ್ದಳು. ಅಮ್ಮಾವರು ಮಾತ್ರ ಕಣ್ಣು ಮುಚ್ಚಿ ಕೇಳುತ್ತಿದ್ದರು.

"ಹಿಂಗೇ ಕಣೇ. ನನ್ ಮಗಳು ಹಿಂಗೇ ಮಾತಾಡ್ತಿದ್ದಿದ್ದು. ಇನ್ನೊಂದು ಓದು," ಎಂದರು.

ಒಂದನ್ನೂ ಬಿಡದೆ ಓದಿದೆ. ಅವತ್ತು ಮಧ್ಯಾಹ್ನ ಅಮ್ಮಾವರು ಒಂದು ಮುದ್ದೆ ಉಂಡರು.

ಸಂಜೆ ನಾನು ಹೊರಟಾಗ ಯಜಮಾನರು ರಸ್ತೆಯವರೆಗೂ ಬಂದರು.

"ಅವಳೇ ಬರ್ದಿದ್ದು ಒಂದಾದ್ರೂ ನಿನ್ ನೆನಪಲ್ಲಿದ್ಯೇನಮ್ಮ? ಒಂದೇ ಒಂದು ಮಾತು ಸಾಕು. ನಮ್ಮನೆಯೋಳಿಗಲ್ಲ, ನಂಗೆ," ಎಂದರು.

ಬೇಸಿಗೆಯಿಂದ ದಿನಾ ನನ್ನ ಬಾಯಾರೆ ಓದಿದ್ದೆ. ಹುಡುಕಿದೆ. ಅವರು ನಕ್ಕದ್ದು ನೆನಪಾಯಿತು, ಯಾವ ಮಾತಿಗೆ ನಕ್ಕರೋ ಅದು ನೆನಪಾಗಲಿಲ್ಲ. ಕಾಂಡದ ಉದ್ದ, ಡಬ್ಬದ ಅಳತೆ ಅಷ್ಟೇ.

"ಯೋಚನೆ ಮಾಡ್ತೀನಿ ಯಜಮಾನ್ರೇ," ಎಂದೆ.

"ಮಾಡು, ನಿಧಾನಕ್ಕೆ ಮಾಡು," ಎಂದರು. ಬಸ್ಸು ಬರುವ ತನಕ ಅವರು ಅಲ್ಲಿಂದ ಕದಲಲಿಲ್ಲ, ನನ್ನ ಬಾಯನ್ನೇ ನೋಡುತ್ತಾ ನಿಂತಿದ್ದರು.