‘ಹಾಸು’ ಎಂಬ ನನ್ನ ಪದ

ಹೊಟ್ಟೆಕಿಚ್ಚು ನನಗೆ ಹೊಸದಲ್ಲ. ಆದರೆ ಒಂದೇ ಒಂದು ಪದಕ್ಕಾಗಿ ಅಷ್ಟು ಉರಿದುಕೊಂಡದ್ದು ಅದೇ ಮೊದಲು.

ಸೂರತ್ತಿನ ಉಧ್ನಾದಲ್ಲಿ ನೇಯ್ಗೆ ಕಾರ್ಖಾನೆಯೊಂದಕ್ಕೆ ನಾನು ಸಾಫ್ಟ್‌ವೇರ್ ಬರೆಯುತ್ತೇನೆ. ಮಗ್ಗದ ವಿನ್ಯಾಸದ ಫೈಲುಗಳನ್ನು ಓದುವ ನಾಲ್ಕು ಸಣ್ಣ ಪ್ಯಾಕೇಜುಗಳನ್ನು, ಅಂದರೆ ಬೇರೆಯವರೂ ತಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳಬಹುದಾದ ಕೋಡಿನ ಕಟ್ಟುಗಳನ್ನು, ರಜೆಯ ದಿನಗಳಲ್ಲಿ ಅಡಾಜಣಿನ ಬಾಡಿಗೆ ಫ್ಲ್ಯಾಟಿನಲ್ಲಿ ಕೂತು ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನ ಸಾರ್ವಜನಿಕ ಭಂಡಾರವೊಂದಕ್ಕೆ ಹಾಕಿದ್ದೆ. ನಾಲ್ಕರ ಹೆಸರೂ ‘ಹಾಸು’ ಎಂದು ಶುರುವಾಗುತ್ತಿತ್ತು. ಮಗ್ಗದಲ್ಲಿ ಉದ್ದಕ್ಕೆ ಹೋಗುವ ನೂಲು ಅದು. ಕಾರ್ಖಾನೆಯಲ್ಲಿ ಎಲ್ಲರೂ ತಾನಾ ಎನ್ನುವಾಗ ನಾನು ಹಟ ಹಿಡಿದು ಇಟ್ಟ ಕನ್ನಡದ ಹೆಸರು.

ವಡೋದರಾದ ಗೋರ್ವಾದಲ್ಲಿ ಕಂಪನಿಯೊಂದರಲ್ಲಿದ್ದ ಧಾರವಾಡದ ಹುಡುಗಿಯೊಬ್ಬಳು ಅವನ್ನು ನೋಡಿಯೇ ಈ ಕೆಲಸ ಕಲಿತಳು. ಅನುಮಾನ ಬಂದಾಗಲೆಲ್ಲ ‘ಅಕ್ಕಾರ’ ಎಂದು ಫೋನ್ ಮಾಡುತ್ತಿದ್ದಳು. ಆಮೇಲೆ ಅವಳ ಕಂಪನಿ ಅದೇ ‘ಹಾಸು’ ಮುಂದಿಟ್ಟುಕೊಂಡು ಹತ್ತಾರು ಪ್ಯಾಕೇಜು ಹೊರತಂದಿತು. ನನ್ನನ್ನು ಕೇಳಿಯೇ ಮಾಡಿದ್ದಳು. ಆಗ ದೊಡ್ಡ ಮನಸ್ಸಿನವಳ ಹಾಗೆ ಹೂಂ ಅಂದಿದ್ದೆ.

ಅಹಮದಾಬಾದಿನಲ್ಲಿ ಒಂದು ಭಾನುವಾರ ಸಾಫ್ಟ್‌ವೇರ್ ಬರೆಯುವ ನಮ್ಮಂಥವರ ಸಭೆ. ಅವಳು ಮೈಕಿನ ಮುಂದೆ ನಿಂತು ಹೊಸ ಸುದ್ದಿ ಹೇಳಿದಳು. ಭಂಡಾರದವರು ಇನ್ನು ಮೇಲೆ ಸಂಸ್ಥೆಗಳಿಗೆ ಹೆಸರಿನ ಮೊದಲ ಭಾಗವನ್ನು ಕಾಯ್ದಿರಿಸಿ ಕೊಡುತ್ತಾರೆ. ಕೊಟ್ಟ ಮೇಲೆ ಬೇರೆಯವರು ಆ ಪದದಿಂದ ಶುರುವಾಗುವ ಹೊಸ ಪ್ಯಾಕೇಜು ಹಾಕುವಂತಿಲ್ಲ. ನಕಲಿಗಳ ಕಾಟ ತಪ್ಪುತ್ತದೆ, ಹೆಸರಿನ ಪಕ್ಕ ನೀಲಿ ಗುರುತು ಬೀಳುತ್ತದೆ. ‘ಹಾಸು’ವಿಗೆ ತಮ್ಮ ಕಂಪನಿ ಅರ್ಜಿ ಹಾಕುತ್ತಿದೆ ಎಂದಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ರಜೆಯಲ್ಲಿ ಒಬ್ಬಳೇ ಕೂತು ಬರೆಯುವವಳು ಯಾವ ಸಂಸ್ಥೆ ಎಂದು ಹೇಳಿಕೊಳ್ಳಲಿ?

ವಾಪಸು ಬರುವಾಗ ರೈಲಿನಲ್ಲಿ ಪಕ್ಕದಲ್ಲೇ ಕೂತು ಗರಿಗರಿ ಖಾಖರಾ ರೊಟ್ಟಿ ಮುರಿದು ಕೊಟ್ಟಳು. ಭಂಡಾರದ ಖಾತೆಗೆ ಕೊಟ್ಟಿರುವ ನನ್ನ ಈಮೇಲ್ ಅರ್ಜಿಗೆ ಬೇಕೆಂದಳು. ಕೃತಜ್ಞತೆಯ ಸಾಲಿನಲ್ಲಿ ಹೆಸರು ಹಾಕಿ ಕೈತೊಳೆದುಕೊಳ್ಳುವುದಕ್ಕಿರಬೇಕು ಅಂದುಕೊಂಡು, ಕಳಿಸೋಣ ಬಿಡು ಎಂದೆ. ವಡೋದರಾದಲ್ಲಿ ಇಳಿದು, ಕಿಟಕಿಯ ಹತ್ತಿರ ಬಂದು ಕೈಬೀಸಿದಳು. ರೈಲು ಹೊರಟದ್ದೇ ಲ್ಯಾಪ್‌ಟಾಪ್ ತೆರೆದೆ.

ಅವಳ ಕಂಪನಿ ಮುಂದೆ ಏನೇನು ಹೊರತರಲಿದೆ ಎಂಬುದು ನನಗೆ ಗೊತ್ತಿತ್ತು; ಅವಳೇ ಹೇಳಿದ್ದಳು. ಆ ಹೆಸರುಗಳಿಗೆಲ್ಲ ‘ಹಾಸು’ ಸೇರಿಸಿ, ಒಳಗೆ ಏನೂ ಇಲ್ಲದ ಒಂಬತ್ತು ಪ್ಯಾಕೇಜು ಏರಿಸಲು ಕೂತೆ, ಬಸ್ಸಿನ ಸೀಟಿಗೆ ಟವೆಲ್ ಹಾಕುವ ಹಾಗೆ. ನರ್ಮದೆಯ ಸೇತುವೆಯ ಮೇಲೆ ನೆಟ್‌ವರ್ಕ್ ಹೋಗಿ ಆರನೆಯದು ಅರ್ಧಕ್ಕೆ ನಿಂತಿತು. ಅಲ್ಲಿಗೇ ಬಿಡಬಹುದಿತ್ತು. ಅಂಕಲೇಶ್ವರ ಬಂದ ಮೇಲೆ ಮತ್ತೆ ಏರಿಸಿದೆ.

ಹದಿನೈದು ದಿನ ಬಿಟ್ಟು ಅವಳ ಫೋನ್ ಬಂತು. ಅರ್ಜಿ ಮಂಜೂರಾಗಿತ್ತು. ಸಂಸ್ಥೆಯ ಜೊತೆಗೆ ಒಬ್ಬ ವ್ಯಕ್ತಿಯನ್ನೂ ಸೇರಿಸಬಹುದಿತ್ತಂತೆ; ‘ಹಾಸು’ವಿಗೆ ಅವಳು ಇಬ್ಬರು ಒಡೆಯರನ್ನು ಬರೆದಿದ್ದಳು: ಮೊದಲು ನಾನು, ಆಮೇಲೆ ಅವಳ ಕಂಪನಿ. ನಾನು ಈಮೇಲ್ ಕೊಡದಿದ್ದಾಗ ಖಾತೆಯ ಹೆಸರನ್ನೇ ಹುಡುಕಿ ತುಂಬಿದ್ದಳು. ಭಂಡಾರದವರು ನನ್ನನ್ನು ಮಾತ್ರ ಕೈಬಿಟ್ಟಿದ್ದರು. ಖಾಲಿ ಪ್ಯಾಕೇಜಿಟ್ಟು ಹೆಸರು ಹಿಡಿಯುವ ಖಾತೆಗೆ ಒಡೆತನ ಕೊಡುವುದಿಲ್ಲ ಎಂದು ತಿಳಿಸಿ, ಒಂಬತ್ತನ್ನೂ ಅಳಿಸಿ ಹಾಕಿದ್ದರು.

“ಯಾರೋ ನಿಮ್ಮ ಅಕೌಂಟ್ ಹ್ಯಾಕ್ ಮಾಡ್ಯಾರ್ರಿ ಅಕ್ಕಾರ. ನಾ ಅವರಿಗೆ ಹಂಗಂತ ಬರದೀನ್ರಿ.”

ಹೌದೆಂದರೆ ಮುಗಿಯುತ್ತಿತ್ತು. ‘ಹಾಸು’ ಬಹುಶಃ ನನ್ನ ಕೈಗೂ ಬರುತ್ತಿತ್ತು. ಆದರೆ ಅವಳು ಅಷ್ಟು ನಂಬಿದ್ದಕ್ಕೂ ನನಗೆ ಅಸೂಯೆಯಾಯಿತು. ಅಂಥ ಮನಸ್ಸೂ ಅವಳಿಗೇ ಇರಬೇಕೆ?

“ಹ್ಯಾಕ್ ಅಲ್ಲ ಕಣೇ. ನಾನೇ ಹಾಕಿದ್ದು, ಹೊಟ್ಟೆಕಿಚ್ಚಿಗೆ.”

ಹಾಗಾದರೆ ಭಂಡಾರದವರಿಗೆ ಬರೆದದ್ದನ್ನು ತಿದ್ದುತ್ತೇನೆ ಎಂದಷ್ಟೇ ಹೇಳಿ ಫೋನ್ ಇಟ್ಟಳು.

ನನ್ನ ಹಳೆಯ ನಾಲ್ಕು ಪ್ಯಾಕೇಜು ಹಾಗೇ ಇವೆ. ಹೊಸದಾಗಿ ಬರೆದ ಐದನೆಯದನ್ನು, ‘ಹಾಸು’ ಈಗ ಅವಳ ಕಂಪನಿಯದಾದ್ದರಿಂದ, ಅವಳ ಕೈಯಿಂದಲೇ ಹಾಕಿಸಬೇಕಿತ್ತು. ಕಳಿಸಿದೆ, ಅದೇ ದಿನ ಏರಿಸಿದಳು. ಅದರ ಪಕ್ಕ ನೀಲಿ ಗುರುತು ಬಿತ್ತು. ನೋಡಿದರೆ ಈಗ ಏನೂ ಅನಿಸುವುದಿಲ್ಲ.

ಮೊನ್ನೆ ಅಹಮದಾಬಾದಿನ ಸಭೆಗೆ ಬೆಳಗಾವಿ ಕಡೆಯ ಹೆಂಗಸೊಬ್ಬರು ಹೊಸದಾಗಿ ಬಂದಿದ್ದರು. ಅವಳು ನನಗೆ “ನಮಸ್ಕಾರ ಮೇಡಮ್” ಎಂದು ಮುಂದೆ ಹೋಗಿ, ಅವರಿಗೆ ಕುರ್ಚಿ ಎಳೆದುಕೊಟ್ಟು, “ಬರ್ರಿ ಅಕ್ಕಾರ” ಅಂದಳು. ಆ ಹೆಂಗಸಿನ ಮುಖ ನೋಡಲೂ ನನಗಾಗಲಿಲ್ಲ.