ಬಂದೂಕಿನ ಮರಕ್ಕೆ ಹಚ್ಚಿದ ಕುಂಕುಮ

ನಾನಿದ್ದ ಡಾಟ್‌ಕಾಮ್ ಕಂಪನಿ ಬಾಗಿಲು ಹಾಕಿದ ಮೇಲೆ ಅಮೆರಿಕದ ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ ನೊಣ ಹೊಡೆಯುತ್ತಾ ಕೂತಿದ್ದೆ. ಮಂಡ್ಯದಿಂದ ಬಂದಿದ್ದ ಅತ್ತೆಗೆ ಮಾತ್ರ ಖುಷಿಯೋ ಖುಷಿ, ದಿನವಿಡೀ ಮಾತಿಗೆ ಸೊಸೆ ಸಿಕ್ಕಿದ್ದಳಲ್ಲ!

ಒಂದು ದಿನ ಕೆಳಗಿನ ಮನೆಯ ಮುದುಕ ಬಾಗಿಲು ತಟ್ಟಿದ. ಹರೆಯದಲ್ಲಿ ಯುದ್ಧಕ್ಕೆ ಹೋಗಿ ಬಂದವನು. ಈಗ ಕಾಫಿ ಲೋಟ ಎತ್ತಲೂ ಎರಡು ಕೈ ಬೇಕು, ಅಷ್ಟು ನಡುಕ. ಮಿಲಿಟರಿಯವರು ಮಾರಿಹಾಕಿದ ಹಳೇ ಬಂದೂಕೊಂದು ಅವನ ಬಳಿ ಇತ್ತು. ತಾನು ಹೊತ್ತದ್ದೇ ಅಲ್ಲ, ಅದೇ ಥರದ್ದು. ಎರಡು ವಾರ ಕಳೆದು ಬರುವ ಶನಿವಾರ, ಅವನ ಜೊತೆ ಯುದ್ಧದಲ್ಲಿದ್ದವರಲ್ಲಿ ಉಳಿದ ನಾಲ್ಕೈದು ಜನ ಓಕ್ಲ್ಯಾಂಡ್‌ನಲ್ಲಿ ಸೇರುವವರಿದ್ದರು, ಬಹುಶಃ ಕೊನೆಯ ಸಲ. ಅವರ ಮುಂದೆ ಅದನ್ನು ಲಕಲಕ ಹೊಳೆಯುವಂತೆ ಇಡಬೇಕೆಂದು ಅವನ ಆಸೆ. ಅಂಗಡಿಯವರು ಹೇಳಿದ ಮಜೂರಿ ಬಂದೂಕಿಗಿಂತ ದುಬಾರಿಯಂತೆ. ನಮ್ಮಪ್ಪ ಮೈಸೂರಿನಲ್ಲಿ ಕುರ್ಚಿ ಮೇಜಿಗೆ ಪಾಲಿಶ್ ಹೊಡೆಯುತ್ತಿದ್ದರೆಂದು ನಾನು ಯಾವತ್ತೋ ಅವನೆದುರು ಜಂಬ ಕೊಚ್ಚಿದ್ದೆ. ಈಗ ಅನುಭವಿಸಬೇಕಾಯಿತು.

“ಮನೆಯೊಳಗೆ ಬಂದೂಕಾ? ತಲೆ ಕೆಟ್ಟಿದೆಯಾ ನಿಂಗೆ?” ಎಂದು ನನ್ನ ಗಂಡ ಕೂಗಾಡಿದರು. ಕೊನೆಗೆ ಕಬ್ಬಿಣದ ಭಾಗವೆಲ್ಲ ಮುದುಕನ ಮನೆಯಲ್ಲೇ ಉಳಿದು, ಮರ ಮಾತ್ರ ನಮ್ಮ ಬಾಲ್ಕನಿಗೆ ಬಂತು.

ದೇವರೇ, ಎಂಥ ಮರ! ಜಿಡ್ಡು, ಗೀರು, ತಗ್ಗು. ಪಾತ್ರೆ ಸೋಪಿನಲ್ಲಿ ಉಜ್ಜಿ ಒಣಗಿಸಿದೆ. ತಗ್ಗುಗಳ ಮೇಲೆ ಒದ್ದೆ ಬಟ್ಟೆ ಹಾಕಿ ಗಂಡನ ಇಸ್ತ್ರಿಪೆಟ್ಟಿಗೆ ಇಟ್ಟರೆ, ಆವಿ ಕುಡಿದು ಮರ ತಾನಾಗಿ ಉಬ್ಬಿ ಬರುತ್ತಿತ್ತು. ಅಪ್ಪನಿಂದ ಕಲಿತ ವಿದ್ಯೆ. ಆಮೇಲೆ ಉಪ್ಪುಕಾಗದ ತಿಕ್ಕಿ, ಹಳೇ ಬನಿಯನ್ನಿನ ತುಂಡಿನಿಂದ ದಿನಕ್ಕೊಂದು ಸಲ ಅಗಸೆ ಎಣ್ಣೆ ಬಳಿದೆ. ಮರ ಬೆಲ್ಲದ ಬಣ್ಣಕ್ಕೆ ತಿರುಗಿತು. ಸುಳ್ಳೇಕೆ, ಕೆಲಸ ಹೋದ ಮೇಲೆ ಮೊದಲ ಸಲ ನನ್ನ ಮೇಲೆ ನನಗೇ ಹೆಮ್ಮೆಯಾಯಿತು.

ಆ ಶನಿವಾರದ ಹಿಂದಿನ ದಿನವೇ ಆಯುಧ ಪೂಜೆ. ಬೆಳಿಗ್ಗೆ ಕೊನೆಯ ಸಲ ಎಣ್ಣೆ ಬಳಿದು ಸ್ಯಾನ್ ರಮೋನ್‌ಗೆ ಇಂಟರ್‌ವ್ಯೂಗೆ ಹೋದೆ. ಸಂಜೆ ಬಂದು ನೋಡಿದರೆ ಚಾಕು, ಇಸ್ತ್ರಿಪೆಟ್ಟಿಗೆ, ಕೀಬೋರ್ಡುಗಳ ಸಾಲಿನಲ್ಲಿ ಆ ಮರವೂ ಹೂ ಮುಡಿದು ಕೂತಿದೆ! ಅಂಟಂಟು ಎಣ್ಣೆಯ ಮೇಲೆ ಹೆಬ್ಬೆರಳಗಲದ ಮೂರು ಕುಂಕುಮದ ಬೊಟ್ಟು.

“ಅತ್ತೇ, ಏನ್ ಮಾಡಿಬಿಟ್ರಿ!”

“ಆಯುಧ ಪೂಜೆ ದಿವ್ಸ ಆಯುಧವ ಬರೀ ಹಣೇಲಿ ಬುಡಕಾಯ್ತದಾ, ಏಳಮ್ಮಿ?”

ಒರೆಸಿದಷ್ಟೂ ಕೆಂಪು ಒಳಕ್ಕಿಳಿಯಿತು. ಮತ್ತೆ ತಿಕ್ಕಿ ಎಣ್ಣೆ ಒಣಗಿಸಲು ದಿನ ಉಳಿದಿರಲಿಲ್ಲ. ಬಾಯಿಗೆ ಬಂದಂತೆ ರೇಗಿದೆ. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ಆದರೂ ಮರ ಎತ್ತಿಕೊಂಡು ಮುದುಕನ ಮನೆಗೆ ಹೊರಟ ನನ್ನ ಹಿಂದೆಯೇ ಮೆಟ್ಟಿಲಿಳಿದು ಬಂದರು.

ಮುದುಕ ಕಲೆ ನೋಡಿ ಬಿಳಿಚಿಕೊಂಡ. ಆ ಕೆಂಪನ್ನು ಏನೆಂದುಕೊಂಡನೋ! “ಇದೇನು?” ಎಂದ.

ನಾನು ಅತ್ತೆಯತ್ತ ಕೈ ತೋರಿಸಿ ತಡವರಿಸುತ್ತಾ ಹೇಳಿದೆ: “ವರ್ಷಕ್ಕೊಂದು ದಿನ ನಮ್ಮಲ್ಲಿ ಆಯುಧಗಳಿಗೆ ರಜೆ. ತೊಳೆದು, ಕುಂಕುಮ ಇಟ್ಟು, ಕೈ ಮುಗಿದು, ಇವತ್ತು ನಿನ್ನನ್ನು ಯಾರೂ ದುಡಿಸಲ್ಲ ಅಂತ ಸುಮ್ಮನೆ ಬಿಡ್ತೀವಿ. ತಪ್ಪಾಯ್ತು, ನಾಳೆ ನಿಮ್ಮ ಗೆಳೆಯರ ಮುಂದೆ…”

“ಹೀಗೇ ಇರಲಿ. ಹೀಗೇ ಒಯ್ಯುತ್ತೇನೆ,” ಎಂದ. ಮರದ ಮೇಲೆ ಬಹಳ ಹೊತ್ತು ಕೈಯಾಡಿಸಿದ. “ಆದರೆ ನಾನು ಹೊತ್ತ ಬಂದೂಕು ಇದಲ್ಲ. ಅವತ್ತಿನದು ಅಂತ ನನ್ನ ಹತ್ತಿರ ಉಳಿದಿರೋದು ಇವೆರಡೇ.”

ಎಂದವನು ಎರಡೂ ಕೈಗಳನ್ನು ಅತ್ತೆಯ ಮುಂದೆ ಚಾಚಿದ.

ಅತ್ತೆಗೆ ಇಂಗ್ಲಿಷಿನ ಒಂದಕ್ಷರ ಬಾರದು. ನನ್ನ ಮುಖವನ್ನೂ ನೋಡಲಿಲ್ಲ. ಸೊಂಟದಿಂದ ಕುಂಕುಮದ ಡಬ್ಬಿ ತೆಗೆದು, ಅವನ ಕೈ ಹಿಡಿದುಕೊಂಡರು.

“ಅಲ್ಲಾಡ್ಬ್ಯಾಡ, ಸುಮ್ಕಿರಣ್ಣ,” ಎಂದು ಗದರಿದರು.